ಮೂಡುಬಿದಿರೆ: ನೆಲ, ಜನ ಮತ್ತು ಗ್ರಂಥಭಂಡಾರ

ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆಯು 'ಜೈನಕಾಶಿ' ಎಂಬ ಪ್ರಶಸ್ತಿಯಿಂದ ಭಾರತದ ಸಮಸ್ತ ಜೈನಸಮಾಜಕ್ಕೆ ಸುಪರಿಚಿತವಾದ ಕ್ಷೇತ್ರ. ಇಲ್ಲಿನ ಸಾವಿರ ಕಂಬದ ಬಸದಿಯನ್ನೂ ರತ್ನಪ್ರತಿಮೆಗಳನ್ನೂ ಕುರಿತು ಅನೇಕ ವಿದ್ವಾಂಸರು ಬರೆದಿರುವುದು ವಾಚಕರಿಗೆ ವಿದಿತವೇ ಇದೆ. ಧವಲಾದಿ ಸಿದ್ಧಾಂತಗ್ರಂಥಗಳ ಏಕಮಾತ್ರ ಪ್ರಾಚೀನ ತಾಡಪತ್ರ ಪ್ರತಿಗಳು ಉಳಿದುಬಂದ ಸ್ಥಳ ಇದೇ ಎಂಬುದೂ ಸರ್ವವಿದಿತ. ಆದರೆ ಊರಿನ ನೆಲ, ಅಲ್ಲಿನ ಜನಸಮುದಾಯದ ರಚನೆ, ಗ್ರಂಥಭಂಡಾರದ ಉಳಿವು, ಈ ಮೂರಕ್ಕೂ ಇರುವ ಪರಸ್ಪರ ಸಂಬಂಧವನ್ನು ಒಟ್ಟಾಗಿ ನೋಡಿದವರು ವಿರಳ. ರಾಜಧಾನಿಗಳಾಗಿ ಮೆರೆದ ಮಳಖೇಡ, ಬಂಕಾಪುರ, ದ್ವಾರಸಮುದ್ರಗಳಲ್ಲಿ ಉಳಿಯದ ಓಲೆಗರಿಗಳು ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಈ ಚಿಕ್ಕ ಊರಿನಲ್ಲಿ ಹೇಗೆ ಉಳಿದವು? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಊರಿನ ಭೂಗೋಳ, ಚರಿತ್ರೆ ಹಾಗೂ ಜನಸಂಖ್ಯೆಗಳನ್ನು ವಿವೇಚಿಸಲಾಗಿದೆ.

1. ಹೆಸರು ಮತ್ತು ನೆಲೆ

'ಬಿದಿರೆ' ಎಂಬುದು ಊರಿನ ಮೂಲ ಹೆಸರು. ಬಿದಿರು ಮೆಳೆಗಳಿಂದ ತುಂಬಿದ ಸ್ಥಳವಾದುದರಿಂದ ಈ ಹೆಸರು ಬಂದಿತೆಂಬುದು ನಿರ್ವಿವಾದ. ಸಂಸ್ಕೃತದಲ್ಲಿ ಬರೆಯುವವರು ಇದನ್ನೇ ವೇಣುಪುರ, ವಂಶಪುರ ಎಂದು ಭಾಷಾಂತರಿಸಿಕೊಂಡರು. ಸಮುದ್ರತೀರದಲ್ಲಿ ಇನ್ನೊಂದು ಬಿದಿರೆ ಇರುವುದರಿಂದ ಪಡುವಣದ್ದು ಪಡುಬಿದಿರೆ, ಮೂಡಣದ್ದು ಮೂಡುಬಿದಿರೆ ಎಂದಾಯಿತು. ಹಸ್ತಪ್ರತಿಗಳನ್ನು ಪರಿಶೀಲಿಸುವವರು ಇಲ್ಲಿ ಒಂದು ಎಚ್ಚರಿಕೆಯನ್ನು ವಹಿಸಬೇಕು. ಗ್ರಂಥಾಂತ್ಯದಲ್ಲಿ ಬರಿದೆ 'ವೇಣುಪುರ' ಎಂದಿದ್ದಾಗ ಅದನ್ನು ಕೂಡಲೇ ಮೂಡುಬಿದಿರೆ ಎಂದು ಗ್ರಹಿಸಬಾರದು. ಬಿದಿರಿನ ಹೆಸರು ಹೊತ್ತ ಊರುಗಳು ಕನ್ನಡನಾಡಿನಲ್ಲಿ ಹಲವಿವೆ. ಜೊತೆಯಲ್ಲಿ ಬರುವ ಬಸದಿಯ ಹೆಸರು, ಅರಸನ ಹೆಸರು, ಲಿಪಿಕಾರನ ವಂಶ, ಇವುಗಳಲ್ಲಿ ಒಂದಾದರೂ ಒದಗಿದ ಮೇಲೆ ನಿರ್ಣಯಕ್ಕೆ ಬರುವುದು ಯುಕ್ತ.

ಊರು ಮಂಗಳೂರಿನ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಕರಾವಳಿಗೂ ಘಟ್ಟದ ತಪ್ಪಲಿಗೂ ನಡುವೆ ಇದೆ. ಮಂಗಳೂರಿನಿಂದ ಕಾರ್ಕಳದ ಮೂಲಕ ಘಟ್ಟವನ್ನೇರಿ ಹೋಗುವ ಹೆದ್ದಾರಿಯು ಈ ಊರನ್ನು ಹಾದುಹೋಗುತ್ತದೆ. ಕಾರ್ಕಳ, ವೇಣೂರುಗಳೆರಡೂ ಒಂದು ದಿನದ ಕಾಲ್ನಡಿಗೆಯ ಒಳಗೇ ಇವೆ. ಭೂಮಿಯು ಮುರಕಲ್ಲಿನ ದಿಣ್ಣೆಗಳಿಂದಲೂ ಅವುಗಳ ನಡುವಣ ಗದ್ದೆಬಯಲುಗಳಿಂದಲೂ ಕೂಡಿದೆ. ತುಳುನಾಡಿನ ರೈತರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ನೀರಿನ ಆಸರೆಗನುಗುಣವಾಗಿ ವಿಂಗಡಿಸುವರು. ತಗ್ಗಿನ ಬೈಲಿನಲ್ಲಿ ನೀರು ದೀರ್ಘಕಾಲ ನಿಲ್ಲುವುದು; ಎತ್ತರದ ಬೆಟ್ಟುಗದ್ದೆಯು ಮಳೆಯನ್ನೇ ನಂಬಿರುವುದು. ಬಸದಿಗಳಿಗೆ ಬಿಟ್ಟ ದತ್ತಿಯನ್ನು ವಿವರಿಸುವ ಶಾಸನಗಳನ್ನು ಅರ್ಥೈಸಲು ಈ ವಿಂಗಡಣೆಯ ಜ್ಞಾನ ಅತ್ಯವಶ್ಯ. ಏಕೆಂದರೆ ಅಕ್ಕಿಯ ಮುಡಿಯ ಲೆಕ್ಕವೆಲ್ಲ ಗದ್ದೆಯ ಜಾತಿಯನ್ನು ಅವಲಂಬಿಸಿದೆ.

ಜಿಲ್ಲೆಯ ವಾರ್ಷಿಕ ಮಳೆಯು ಸುಮಾರು 4,000 ಮಿಲಿಮೀಟರ್. ಇದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದು. ಈ ನೀರನ್ನು ಹಿಡಿದಿಡಲು ಊರಿನಲ್ಲಿ ಅನೇಕ ಕೆರೆಗಳನ್ನು ತೋಡಿದರು. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬ ಮಾತು ಊರಿನಲ್ಲಿ ಪರಂಪರೆಯಿಂದ ಬಂದಿದೆ. ಕೆರೆಯ ಪಕ್ಕದ ಬಸದಿಗೆ ಕೆರೆ ಬಸದಿ ಎಂದೇ ಹೆಸರು. ಕಟ್ಟಡಗಳ ರೂಪವನ್ನೂ ಮಳೆಯೇ ನಿರ್ಧರಿಸಿದೆ. ಇಳಿಜಾರಾದ ಮಾಡುಗಳು, ಹೊರಚಾಚಿದ ಸೂರುಗಳು, ಗರ್ಭಗೃಹದ ಸುತ್ತ ಒಂದರ ಹಿಂದೆ ಒಂದಾಗಿ ಬರುವ ಮಂಟಪಗಳು, ಇವೆಲ್ಲ ನೀರನ್ನು ಒಳಗಿನಿಂದ ದೂರವಿಡುವ ಉಪಾಯಗಳು. ಈ ಶೈಲಿಯು ನೇಪಾಳದ ದೇವಾಲಯಗಳನ್ನು ಹೋಲುತ್ತದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ತುಚರಿತ್ರಕಾರ ಫರ್ಗ್ಯುಸನ್ನನು ಆಶ್ಚರ್ಯಪಟ್ಟನು. ಮಳೆಯನ್ನು ನೆನೆದರೆ ಆ ಸಾಮ್ಯಕ್ಕೆ ಪರದೇಶದ ಪ್ರಭಾವವನ್ನು ಕಲ್ಪಿಸಬೇಕಾದ ಅಗತ್ಯ ಬೀಳುವುದಿಲ್ಲ.

2. ಓಲೆಗೆ ಮಿತ್ರವೂ ಶತ್ರುವೂ ಆದ ಹವೆ

ತಾಡಪತ್ರದಲ್ಲಿ ಎರಡು ಜಾತಿಗಳುಂಟು. ಸಾಮಾನ್ಯ ತಾಳೆಯ ಗರಿಯು ದಪ್ಪವಾದುದು. ಅದರ ಮೇಲೆ ಕಂಠದಿಂದ ಅಕ್ಷರ ಕೊರೆದು ಅನಂತರ ಮಸಿ ತುಂಬುವರು. ಶ್ರೀತಾಳದ ಗರಿಯು ಅಗಲವಾಗಿ, ತೆಳುವಾಗಿ, ಮೃದುವಾಗಿರುವುದರಿಂದ ಅದರ ಮೇಲೆ ಲೇಖನಿಯಿಂದ ಮಸಿಯಲ್ಲೇ ಬರೆಯಬಹುದು. ಸಿದ್ಧಾಂತಗ್ರಂಥಗಳ ಪ್ರಾಚೀನ ಪ್ರತಿಗಳು ಶ್ರೀತಾಳದ ಮೇಲೆ ಮಸಿಯಿಂದ ಬರೆದವುಗಳು. ಕೆಲವು ಗರಿಗಳಲ್ಲಿ ವರ್ಣಚಿತ್ರಗಳೂ ಇವೆ. ಹನ್ನೆರಡನೆಯ ಶತಮಾನದ ಆದಿಭಾಗಕ್ಕೆ ಸೇರುವ ಈ ಚಿತ್ರಗಳು ದಕ್ಷಿಣಭಾರತದ ಗ್ರಂಥಚಿತ್ರಕಲೆಯ ಅತಿ ಪ್ರಾಚೀನ ಮಾದರಿಗಳಲ್ಲಿ ಗಣ್ಯವಾದವು.

ಶ್ರೀತಾಳವು ಪಶ್ಚಿಮ ಕರಾವಳಿಯ ತೇವಭೂಮಿಯ ಮರ. ದಶಕಗಳ ಕಾಲ ಬೆಳೆದು, ಒಮ್ಮೆ ಮಾತ್ರ ಹೂಬಿಟ್ಟು, ಸಾಯುತ್ತದೆ. ಆದಕಾರಣ ಬರೆಯುವ ಸಾಮಗ್ರಿಯು ಬಿದಿರೆಯ ಲಿಪಿಕಾರನಿಗೆ ಸಮೀಪದಲ್ಲೇ ದೊರೆಯುತ್ತಿತ್ತು. ಒಣಹವೆಯಲ್ಲಿ ಗರಿಯು ಮುರುಕಲಾಗುವುದು. ಕರಾವಳಿಯ ತೇವವು ಅದನ್ನು ಬಾಗುವಂತೆ ಇಡುವುದು. ಆದರೆ ಅದೇ ತೇವದಿಂದ ಬೂಷ್ಟು ಹಿಡಿಯುವುದು, ಹುಳು ಕೊರೆಯುವುದು. ಈ ಎರಡರ ನಡುವೆ ಗ್ರಂಥವನ್ನು ಉಳಿಸುವುದು ಮನುಷ್ಯನ ನಿತ್ಯಪರಿಶ್ರಮದಿಂದ ಮಾತ್ರ ಸಾಧ್ಯ. ಕಟ್ಟನ್ನು ಬಿಚ್ಚಿ ಗಾಳಿಯಾಡಿಸಬೇಕು. ಗರಿಗೆ ಎಣ್ಣೆ ಸವರಿ ಒರೆಸಬೇಕು. ಹಲಗೆಗಳ ನಡುವೆ ಬಿಗಿಯಾಗಿ ಕಟ್ಟಿ ವಸ್ತ್ರದಲ್ಲಿ ಸುತ್ತಬೇಕು. ಜೀರ್ಣವಾದುದನ್ನು ಹೊಸ ಗರಿಗೆ ಪ್ರತಿಮಾಡಬೇಕು. ಶ್ರುತಪಂಚಮಿಯ ಪೂಜೆಯು ವರ್ಷಕ್ಕೊಮ್ಮೆ ಗ್ರಂಥವನ್ನು ಪೆಟ್ಟಿಗೆಯಿಂದ ಹೊರಕ್ಕೆ ತರಿಸುತ್ತಿತ್ತೆಂಬುದನ್ನು ಮರೆಯಬಾರದು. ಜ್ಯೇಷ್ಠ ಶುದ್ಧ ಪಂಚಮಿಯು ಮುಂಗಾರಿನ ಮೊದಲ ದಿನಗಳಲ್ಲಿ ಬರುವುದು. ದೀರ್ಘ ಮಳೆಗಾಲಕ್ಕೆ ಮುನ್ನ ಭಂಡಾರವನ್ನು ಪರಿಶೀಲಿಸಲು ಇದಕ್ಕಿಂತ ತಕ್ಕ ಸಮಯ ಬೇರೊಂದಿಲ್ಲ. ಹೀಗಾಗಿ ಗ್ರಂಥದ ಉಳಿವಿಗೆ ಅದನ್ನು ಬಿಚ್ಚಿ ನೋಡುವ ಜನರಿರಬೇಕೆಂಬುದು ಮೊದಲ ನಿಯಮ. ಆ ಜನರು ಯಾರೆಂಬುದನ್ನು ಊರಿನ ಚರಿತ್ರೆ ಹೇಳುತ್ತದೆ.

3. ಅರಸರು, ಮಠ ಮತ್ತು ಸೆಟ್ಟಿಗಳು

ಬಿದಿರಿನ ಮೆಳೆಯಲ್ಲಿ ಹುಲಿಯೂ ಹಸುವೂ ಒಂದೇ ಕಡೆ ನೀರು ಕುಡಿಯುವುದನ್ನು ಮುನಿಯೊಬ್ಬರು ಕಂಡು, ಆ ಸ್ಥಳದಲ್ಲಿ ಪಾರ್ಶ್ವನಾಥಸ್ವಾಮಿಯ ಬಿಂಬವನ್ನು ಪಡೆದರೆಂಬುದು ಗುರುಬಸದಿಯ ಸ್ಥಳಪುರಾಣ. ಇದಕ್ಕೆ ಕ್ರಿ.ಶ. 714ನೆಯ ವರ್ಷವನ್ನು ಹೇಳುವ ವಾಡಿಕೆ ಇದೆ. ಇದು ಪರಂಪರೆಯ ಹೇಳಿಕೆ. ಶಾಸನಗಳ ಬೆಳಕು ಇದಕ್ಕೆ ಬಹಳ ತರುವಾಯದ್ದು. ಶ್ರವಣಬೆಳಗೊಳದ ಮಠದಂತೆಯೇ ಇಲ್ಲಿನ ಪೀಠದ ಭಟ್ಟಾರಕರಿಗೂ ಚಾರುಕೀರ್ತಿ ಎಂಬ ಅಭಿಧಾನ ಇರುವುದರಿಂದ ಎರಡು ಕ್ಷೇತ್ರಗಳಿಗೂ ಇದ್ದ ಸಂಬಂಧ ಸ್ಪಷ್ಟ.

ಊರು ಉಚ್ಛ್ರಾಯಕ್ಕೆ ಬಂದುದು ವಿಜಯನಗರದ ಕಾಲದಲ್ಲಿ. ತ್ರಿಭುವನತಿಲಕ ಚೂಡಾಮಣಿ ಬಸದಿಯು ಶಕ 1351ರಲ್ಲಿ, ಎಂದರೆ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ನಿರ್ಮಿತವಾಯಿತು. ಮೂರು ನೆಲೆಗಳ ಈ ಬಸದಿಗೆ 1462ರ ಸುಮಾರಿನಲ್ಲಿ ಮತ್ತಷ್ಟು ಭಾಗಗಳು ಸೇರಿದವು. 1432ರಲ್ಲಿ ನೆರೆಯ ಕಾರ್ಕಳದಲ್ಲಿ ವೀರಪಾಂಡ್ಯನು ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು; 1604ರಲ್ಲಿ ವೇಣೂರಿನಲ್ಲಿ ಅಜಿಲ ವಂಶದ ತಿಮ್ಮರಾಜನು ಇನ್ನೊಂದು ಬಾಹುಬಲಿಯನ್ನು ನಿಲ್ಲಿಸಿದನು. ಕಾರ್ಕಳ ಭೈರರಸರ ರಾಜಧಾನಿ. ವೇಣೂರು ಅಜಿಲರ ನೆಲೆ. ಎರಡೂ ಕಡೆ ಬಯಲಿನಲ್ಲಿ ಒಬ್ಬ ಅರಸನ ಹೆಸರಿನ ಏಕಶಿಲಾಮೂರ್ತಿ ಇದೆ. ಮೂಡುಬಿದಿರೆಯಲ್ಲಿ ಅಂತಹ ಮೂರ್ತಿ ಇಲ್ಲ. ಅದಕ್ಕೆ ಬದಲು ಒಂದೇ ಪೇಟೆಯಲ್ಲಿಯೂ ಅದರ ಆಸುಪಾಸಿನಲ್ಲಿಯೂ ಹದಿನೆಂಟು ಬಸದಿಗಳಿವೆ.

ಈ ಬಸದಿಗಳ ಹೆಸರುಗಳನ್ನು ಗಮನಿಸಬೇಕು. ಶೆಟ್ಟರ ಬಸದಿ, ವಿಕ್ರಮಶೆಟ್ಟಿ ಬಸದಿ, ದೇರ್ಮಶೆಟ್ಟಿ ಬಸದಿ, ಮಹಾದೇವಶೆಟ್ಟಿ ಬಸದಿ ಮುಂತಾದುವು ವ್ಯಾಪಾರಿಗಳ ಹೆಸರನ್ನು ಹೊತ್ತಿವೆ. ಬಡಗ ಬಸದಿ, ಪಡು ಬಸದಿ, ಕೆರೆ ಬಸದಿಗಳು ನೆಲೆಯಿಂದ ಹೆಸರು ಪಡೆದವು. ಕಲ್ಲು ಬಸದಿ, ಲೆಪ್ಪದ ಬಸದಿಗಳು ದ್ರವ್ಯದಿಂದ ಹೆಸರು ಪಡೆದವು. ಅರಸನ ಹೆಸರಿನ ಬಸದಿ ಇಲ್ಲಿ ಪ್ರಧಾನವಲ್ಲ. ಊರ ಹೊರಗಣ ಕೊಡಂಗಲ್ಲಿನಲ್ಲಿ ಹಂತಹಂತವಾಗಿ ಏರಿದ ನಿಷಿಧಿಗಳಿದ್ದು, ಅವುಗಳಲ್ಲಿ ಗುರುಗಳ ಸಮಾಧಿಗಳ ಜೊತೆಗೆ ಸೆಟ್ಟಿಗಳ ಸಮಾಧಿಗಳೂ ಸೇರಿವೆ. ಘಟ್ಟದ ಮೇಲಿನ ನಾಡಿಗೂ ಕರಾವಳಿಯ ಬಂದರುಗಳಿಗೂ ನಡುವೆ ನಿಂತು ವ್ಯವಹಾರ ಮಾಡಿದ ಸಮುದಾಯವೇ ಈ ಊರನ್ನು ಕಟ್ಟಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಚೌಟ ಅರಸರು ಮೊದಲು ಉಳ್ಳಾಲದಲ್ಲಿಯೂ ಅನಂತರ ಸಮೀಪದ ಪುತ್ತಿಗೆಯಲ್ಲಿಯೂ ನೆಲಸಿ, ಹದಿನೇಳನೆಯ ಶತಮಾನದಲ್ಲಿ ಮೂಡುಬಿದಿರೆಯನ್ನು ನೆಲೆಯಾಗಿ ಮಾಡಿಕೊಂಡರು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಈ ವಂಶದವಳು. ಚೌಟರ ಅರಮನೆಯ ಮರದ ಕಂಬಗಳಲ್ಲಿ ಕೆತ್ತಿರುವ ನವನಾರೀಕುಂಜರ, ಪಂಚನಾರೀತುರಗಗಳು ಪ್ರಸಿದ್ಧವಾದವು. ಆದರೆ ಚೌಟರು ಬರುವುದಕ್ಕೆ ಮೊದಲೇ ಬಸದಿಗಳ ಬಹುಭಾಗ ನಿಂತಿದ್ದವು. ಕೆಳದಿಯ ಪ್ರಾಬಲ್ಯ, 1763ರಲ್ಲಿ ಬಿದನೂರಿನ ಪತನದ ಅನಂತರ ಹೈದರನ ಆಳ್ವಿಕೆ, 1799ರಲ್ಲಿ ಟಿಪ್ಪುವಿನ ಪತನದ ಮೇಲೆ ಇಂಗ್ಲಿಷರ ಆಡಳಿತ, ಹೀಗೆ ಮೇಲಣ ಅಧಿಕಾರವು ಪದೇ ಪದೇ ಕೈಬದಲಾಯಿಸಿದರೂ ಬಸದಿಗಳ ನಿತ್ಯಪೂಜೆ ನಿಲ್ಲಲಿಲ್ಲ. ಒಬ್ಬ ಅರಸನ ಆಶ್ರಯದಲ್ಲಿರುವ ಭಂಡಾರವು ಆ ಅರಸನೊಡನೆ ಅಳಿಯುತ್ತದೆ. ಹಲವು ಮನೆತನಗಳ, ಹಲವು ಬಸದಿಗಳ, ಒಂದು ಮಠದ ಸಾಮೂಹಿಕ ಹೊಣೆಯಲ್ಲಿರುವ ಭಂಡಾರಕ್ಕೆ ಅಂತಹ ಏಕಕಾಲದ ನಾಶ ಒದಗುವುದಿಲ್ಲ. ರಾಜಧಾನಿಗಳಲ್ಲಿ ಉಳಿಯದ ಗ್ರಂಥಗಳು ಇಲ್ಲಿ ಉಳಿದುದಕ್ಕೆ ಇದೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

4. ಸಿದ್ಧಾಂತಗ್ರಂಥಗಳ ಆಗಮನ

ಷಟ್ಖಂಡಾಗಮವು ಧರಸೇನಾಚಾರ್ಯರಿಂದ ಶ್ರುತವನ್ನು ಪಡೆದ ಪುಷ್ಪದಂತ-ಭೂತಬಲಿ ಆಚಾರ್ಯರ ಕೃತಿ. ಇದರ ಮೊದಲ ಐದು ಖಂಡಗಳ ಮೇಲೆ ವೀರಸೇನಾಚಾರ್ಯರು ಧವಲಾ ಟೀಕೆಯನ್ನು ರಚಿಸಿದರು. ಅದು ಮುಗಿದುದು ಶಕ 738, ಎಂದರೆ ಕ್ರಿ.ಶ. 816ರಲ್ಲಿ ಎಂಬುದು ಡಾ. ಹೀರಾಲಾಲ ಜೈನರ ನಿರ್ಣಯ. ಗುಣಧರಾಚಾರ್ಯರ ಕಷಾಯಪ್ರಾಭೃತದ ಮೇಲಣ ಜಯಧವಲೆಯನ್ನು ವೀರಸೇನರು ಆರಂಭಿಸಿದರು. ಶಿಷ್ಯ ಜಿನಸೇನರು ಶಕ 759ರಲ್ಲಿ ಮುಗಿಸಿದರು. ಆರನೆಯ ಖಂಡವಾದ ಮಹಾಬಂಧವು ಮಹಾಧವಲವೆಂಬ ಹೆಸರಿನಿಂದ ರೂಢವಾಗಿದೆ.

ಈ ಗ್ರಂಥಗಳ ಉಪಲಬ್ಧ ತಾಡಪತ್ರಗಳು ಬಿದಿರೆಯಲ್ಲಿ ಬರೆದವುಗಳಲ್ಲ. ಧವಲೆಯ ಪ್ರತಿಯ ಪ್ರಶಸ್ತಿಯು ದೇಮಿಯಕ್ಕನೆಂಬ ಶ್ರಾವಕಿಯು ಶ್ರುತಪಂಚಮೀ ವ್ರತದ ಉದ್ಯಾಪನೆಯಲ್ಲಿ ಅದನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಶಾಸ್ತ್ರದಾನವಾಗಿ ಅರ್ಪಿಸಿದಳೆಂದು ತಿಳಿಸುತ್ತದೆ. ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆ. ಇಬ್ಬರೂ ಘಟ್ಟದ ಮೇಲಿನವರು. ಶ್ರವಣಬೆಳಗೊಳದ ಸಿದ್ಧಾಂತ ಬಸದಿಗೆ ಆ ಹೆಸರು ಬಂದುದು ಸಿದ್ಧಾಂತಗ್ರಂಥಗಳನ್ನು ಅಲ್ಲಿ ಭದ್ರವಾಗಿ ಇರಿಸಿದ್ದರಿಂದ ಎಂದೂ, ಅವು ಅಲ್ಲಿಂದ ಮೂಡುಬಿದಿರೆಗೆ ಬಂದವೆಂದೂ ಪ್ರತೀತಿ ಇದೆ. ಬಿದಿರೆಯ ಗುರುಬಸದಿಯೂ ಅದೇ ಕಾರಣದಿಂದ ಸಿದ್ಧಾಂತ ಬಸದಿ ಎನಿಸಿಕೊಂಡಿತು.

ಇಲ್ಲಿ ಎರಡು ಸಂಗತಿಗಳು ಚಿಂತನೀಯ. ಒಂದು, ಜೈನಾಗಮದ ಈ ಮಹಾಗ್ರಂಥಗಳು ನಮ್ಮವರೆಗೆ ಬಂದುದರ ಮೂಲದಲ್ಲಿ ಇಬ್ಬರು ಸ್ತ್ರೀಯರ ಶಾಸ್ತ್ರದಾನವಿದೆ. ಎರಡು, ಬಿದಿರೆಯ ಸಮುದಾಯವು ತಾನು ಬರೆಯಿಸದ, ತನ್ನ ಪೂರ್ವಿಕರ ಹೆಸರಿಲ್ಲದ ಗ್ರಂಥವನ್ನು ಶತಮಾನಗಳ ಕಾಲ ಪೋಷಿಸಿತು. ತನ್ನದೇ ದಾನವನ್ನು ಕಾಯುವುದು ಸಹಜ. ಅನ್ಯರ ದಾನವನ್ನು ಕಾಯುವುದು ವಿಶೇಷ.

5. ಕಾವಲು ಮತ್ತು ಓದು

ಆದರೆ ಕಾಲಕ್ರಮದಲ್ಲಿ ಈ ಪೋಷಣೆಯು ದರ್ಶನಮಾತ್ರವಾಗಿ ಪರಿಣಮಿಸಿತು. ಯಾತ್ರಿಕರಿಗೆ ರತ್ನಪ್ರತಿಮೆಗಳೊಡನೆ ಸಿದ್ಧಾಂತದ ದರ್ಶನವೂ ಆಗುತ್ತಿತ್ತು, ಪಠನಕ್ಕೆ ಅವಕಾಶವಿರಲಿಲ್ಲ. ಸಿದ್ಧಾಂತವನ್ನು ಗೃಹಸ್ಥರು ಓದಬಾರದೆಂಬ ಭಾವನೆ ಒಂದು ಕಡೆ, ಹಳಗನ್ನಡ ಲಿಪಿಯಲ್ಲಿದ್ದ ಪ್ರಾಕೃತವನ್ನು ಓದಬಲ್ಲವರ ಅಭಾವ ಇನ್ನೊಂದು ಕಡೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್ ಹಾಗೂ ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಇವರು ಗರಿಗಳ ಜೀರ್ಣಸ್ಥಿತಿಯನ್ನು ತಿಳಿದು ಪ್ರತಿ ಮಾಡಿಸುವ ಪ್ರಯತ್ನಕ್ಕೆ ತೊಡಗಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಈ ಕಾರ್ಯಕ್ಕೆ ನಿಯುಕ್ತರಾದರು. 1896ರ ಸುಮಾರಿಗೆ ಮೊದಲಾದ ಪ್ರತಿಲೇಖನವು ಕನ್ನಡ ಹಾಗೂ ನಾಗರೀ ಲಿಪಿಗಳಲ್ಲಿ 1922ರ ಹೊತ್ತಿಗೆ ಮುಗಿಯಿತು. ಎಂದರೆ ಇಪ್ಪತ್ತಾರು ವರ್ಷಗಳ ಪರಿಶ್ರಮ!

ಮಠದ ಪ್ರತಿಗಳು ಊರನ್ನು ಬಿಟ್ಟು ಹೋಗಕೂಡದೆಂಬ ನಿರ್ಬಂಧವಿತ್ತು. ಆದರೆ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ಪರಿವರ್ತಿತವಾಗಿ, ಅಲ್ಲಿಂದ ಹಲವು ಸ್ಥಳಗಳಿಗೆ ಹರಡಿತು. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದುದು ಈ ಪರಂಪರೆಯ ಕಾಗದಪ್ರತಿಗಳ ಆಧಾರದ ಮೇಲೆಯೇ. ಮುಂದೆ ಮಠದ ಅನುಮತಿ ದೊರೆತು ಪಂಡಿತ ಲೋಕನಾಥ ಶಾಸ್ತ್ರಿಗಳು ಮೂಡುಬಿದಿರೆಯ ಮೂಲಗರಿಗಳೊಡನೆ ಪಾಠವನ್ನು ಹೋಲಿಸಿ ಕಳುಹಿಸುವಂತಾಯಿತು. ಹದಿನಾರು ಸಂಪುಟಗಳು ಸುಮಾರು ಎರಡು ದಶಕಗಳಲ್ಲಿ ಪೂರ್ಣವಾದವು. 1944ರಲ್ಲಿ ಮಥುರೆಯಿಂದ ಜಯಧವಲೆಯ, 1947ರಲ್ಲಿ ಭಾರತೀಯ ಜ್ಞಾನಪೀಠದಿಂದ ಮಹಾಬಂಧದ ಪ್ರಥಮ ಸಂಪುಟಗಳು ಹೊರಬಂದವು.

ಮೂಲಗರಿಯ ಪರಿಶೀಲನೆಗೆ ಎಷ್ಟು ಬೆಲೆಯುಂಟೆಂಬುದನ್ನು ಒಂದು ಪದವೇ ತೋರಿಸಿತು. ಜೀವಸ್ಥಾನದ ಸತ್ಪ್ರರೂಪಣೆಯ 93ನೆಯ ಸೂತ್ರವು ಮನುಷ್ಯಿನಿಯರ ಗುಣಸ್ಥಾನಗಳಿಗೆ ಸಂಬಂಧಪಟ್ಟದ್ದು. ಉತ್ತರದ ಕಾಗದಪ್ರತಿಗಳಲ್ಲಿ ಅಲ್ಲಿ 'ಸಂಜದ' ಎಂಬ ಪದವಿರಲಿಲ್ಲ. ಟೀಕೆಯ ಸ್ವಾರಸ್ಯವನ್ನು ಗಮನಿಸಿ ಅಲ್ಲಿ ಆ ಪದ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಪದವಿದ್ದರೆ ಸ್ತ್ರೀಯರಿಗೆ ಸಂಯತ ಗುಣಸ್ಥಾನವನ್ನು ಹೇಳಿದಂತಾಗುವುದೆಂಬ ಆಶಂಕೆಯಿಂದ ದಿಗಂಬರ ಪಂಡಿತವರ್ಗದಲ್ಲಿ ದೀರ್ಘವಾದ ವಾದವೆದ್ದಿತು. ಭಾವವೇದ-ದ್ರವ್ಯವೇದಗಳ ಚರ್ಚೆ ಪತ್ರಿಕೆಗಳನ್ನು ತುಂಬಿತು. ಕೊನೆಗೆ ಮೂಡುಬಿದಿರೆಯ ತಾಡಪತ್ರವನ್ನು ನೋಡಲಾಗಿ ಪದವು ಅಲ್ಲಿ ಇದ್ದೇ ಇತ್ತು. ಸೂತ್ರದ ಅರ್ಥನಿರ್ಣಯವು ಸಿದ್ಧಾಂತಿಗಳ ವಿಷಯ. ಭಾವವೇದದ ದೃಷ್ಟಿಯಿಂದ ಅದಕ್ಕೆ ಸಮಾಧಾನವೂ ಉಂಟು. ಪಾಠನಿರ್ಣಯವಾದರೋ ಗರಿಯ ವಿಷಯ. ಮೂರು ಅಕ್ಷರಗಳಿಗಾಗಿ ಇಷ್ಟು ವಾದ ನಡೆದಿರುವಾಗ, ಅದನ್ನು ತೀರ್ಮಾನಿಸಿದ ಗರಿಯೇ ನಷ್ಟವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ವಿದ್ವಾಂಸರು ಊಹಿಸಬಹುದು.

6. ಗ್ರಂಥಾಂತ್ಯಗಳಲ್ಲಿ ಊರಿನ ಚರಿತ್ರೆ

ಧವಲಾದಿಗಳ ಪ್ರಕಾಶದಲ್ಲಿ ಊರಿನ ಇತರ ಹಸ್ತಪ್ರತಿಗಳು ಮರೆಯಾದವು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಕನ್ನಡ ಪ್ರಾಂತದ ತಾಡಪತ್ರೀಯ ಗ್ರಂಥಸೂಚಿಯು ಈ ಭಂಡಾರಗಳ ವೈಶಾಲ್ಯವನ್ನು ಲೋಕಕ್ಕೆ ಪರಿಚಯಿಸಿತು. ನ್ಯಾಯ, ವ್ಯಾಕರಣ, ಗಣಿತ, ವೈದ್ಯ, ಜ್ಯೋತಿಷ, ಆರಾಧನೆ, ಕಾವ್ಯ ಎಲ್ಲವೂ ಅಲ್ಲಿವೆ. ಹದಿನಾರನೆಯ ಶತಮಾನದ ಮಹಾಕವಿ ರತ್ನಾಕರವರ್ಣಿಯು ಈ ಊರಿನವನು. ಅವನ ಭರತೇಶವೈಭವವು ಸಾಂಗತ್ಯದಲ್ಲಿರುವುದರಿಂದ ಮನೆಮನೆಗಳಲ್ಲಿ ಹಾಡಲ್ಪಟ್ಟು ಹಲವು ಪ್ರತಿಗಳಾಗಿ ಹರಡಿತು.

ಗ್ರಂಥಾಂತ್ಯದ ವಾಕ್ಯಗಳಲ್ಲಿ ಬರೆಯಿಸಿದವರು, ಬರೆದವರು, ಕೊಟ್ಟವರು, ಪಡೆದವರು, ಕಾಲ, ಸ್ಥಳ ಇವು ಸಾಮಾನ್ಯವಾಗಿ ಬರುತ್ತವೆ. ಇವುಗಳಿಂದ ಊರಿನ ಚರಿತ್ರೆಯನ್ನು ತೆಗೆಯುವಾಗ ಮೂಡುಬಿದಿರೆಗೆ ವಿಶಿಷ್ಟವಾದ ಮೂರು ತೊಡಕುಗಳುಂಟು.

ಮೊದಲನೆಯದು ಕಾಲಗಣನೆ. ಶಕವರ್ಷಕ್ಕೆ 78ನ್ನು ಕೂಡಿ ಕ್ರಿಸ್ತಶಕವನ್ನು ಹೇಳುವುದು ವಾಡಿಕೆ. ಆದರೆ ಪುಷ್ಯ, ಮಾಘ, ಫಾಲ್ಗುಣಗಳ ತಿಥಿಗಳು ಬಹುಶಃ ಮುಂದಿನ ಕ್ರಿಸ್ತವರ್ಷಕ್ಕೆ ಹೋಗುತ್ತವೆ. ಶಕ 1351 ಸೌಮ್ಯ ಸಂವತ್ಸರ. ಅದರ ಬಹುಭಾಗ 1429ರಲ್ಲಿಯೂ ಕೊನೆಯ ಭಾಗ 1430ರಲ್ಲಿಯೂ ಬೀಳುತ್ತದೆ. ಕಾರ್ಕಳದ ಬಾಹುಬಲಿಯ ಪ್ರತಿಷ್ಠೆ ಶಕ 1353ರ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ. ಅದು 1432ರ ಫೆಬ್ರವರಿ 13 ಆಗುತ್ತದೆ, 1431 ಅಲ್ಲ. ಲಿಪಿಕಾರನು ಶಕವರ್ಷವನ್ನು ಬಿಟ್ಟು ಸಂವತ್ಸರವನ್ನು ಮಾತ್ರ ಹೇಳಿದ್ದರೆ ಅರುವತ್ತು ವರ್ಷಗಳ ಸಂದೇಹ ಉಳಿಯುತ್ತದೆ. ಆಗ ತಿಥಿವಾರಗಳ ಹೊಂದಿಕೆಯನ್ನೂ ಲಿಪಿಯ ಸ್ವರೂಪವನ್ನೂ ನೋಡಿಯೇ ನಿರ್ಣಯಿಸಬೇಕು.

ಎರಡನೆಯದು ಗುರುಗಳ ಹೆಸರು. ಪೀಠಕ್ಕೆ ಬಂದವರೆಲ್ಲರೂ ಚಾರುಕೀರ್ತಿಗಳೇ ಆದುದರಿಂದ ಆ ಹೆಸರು ಸ್ಥಳವನ್ನು ಸೂಚಿಸಬಲ್ಲುದೇ ಹೊರತು ಕಾಲವನ್ನು ಸೂಚಿಸಲಾರದು. ಶ್ರವಣಬೆಳಗೊಳದಲ್ಲಿಯೂ ಅದೇ ಹೆಸರಿರುವುದರಿಂದ ಸ್ಥಳದ ವಿಷಯದಲ್ಲಿಯೂ ಜಾಗರೂಕತೆ ಬೇಕು.

ಮೂರನೆಯದು ವಂಶಕ್ರಮ. ತುಳುನಾಡಿನ ಜೈನ ಅರಸು ಮನೆತನಗಳಲ್ಲಿಯೂ ಬಂಟ ಮನೆತನಗಳಲ್ಲಿಯೂ ಅಳಿಯಸಂತಾನ ನಡೆದುಬಂದಿತ್ತು. ಪಟ್ಟವೂ ಆಸ್ತಿಯೂ ಸೋದರಮಾವನಿಂದ ಅಳಿಯನಿಗೆ ಸಲ್ಲುವುವು. ಪೌರೋಹಿತ್ಯ ಮಾಡುವ ಇಂದ್ರರಲ್ಲಾದರೋ ಮಕ್ಕಳಸಂತಾನ. ಘಟ್ಟದ ಮೇಲಣ ರೂಢಿಯಂತೆ ಒಬ್ಬ ದಾನಿಯ ಅನಂತರ ಬರುವ ಹೆಸರನ್ನು ಮಗನೆಂದು ತಿಳಿದರೆ ವಂಶಾವಳಿಯೇ ಕೆಡುವುದು. ದಾನಿಯ ತಾಯಿಯ ಅಥವಾ ಸೋದರಿಯ ಹೆಸರು ಗ್ರಂಥಾಂತ್ಯದಲ್ಲಿ ಬಂದಿದ್ದರೆ ಅದನ್ನು ಅಲಂಕಾರವೆಂದು ಬಿಡದೆ ವಂಶದ ಕೊಂಡಿಯೆಂದು ಎಣಿಸಬೇಕು. ಲಿಪಿಕಾರನು ಇಂದ್ರನಾಗಿದ್ದು ದಾನಿಯು ಸೆಟ್ಟಿಯಾಗಿದ್ದರೆ ಒಂದೇ ವಾಕ್ಯದಲ್ಲಿ ಎರಡು ಸಂತಾನಕ್ರಮಗಳು ಇರಬಹುದೆಂಬುದನ್ನು ನೆನಪಿಡಬೇಕು.

7. ಈಗಿನ ಊರು ಮತ್ತು ಜನ

ಇಂಗ್ಲಿಷರ ಕಾಲದಲ್ಲಿ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಊರು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಉಡುಪಿ ಜಿಲ್ಲೆ ಪ್ರತ್ಯೇಕವಾದಾಗ ಕಾರ್ಕಳವು ಆ ಜಿಲ್ಲೆಗೆ ಹೋಯಿತು. ಮೂಡುಬಿದಿರೆ ದಕ್ಷಿಣ ಕನ್ನಡದಲ್ಲೇ ಉಳಿದು, ಈಚಿನ ವರ್ಷಗಳಲ್ಲಿ ತಾಲೂಕಿನ ಕೇಂದ್ರವಾಗಿದೆ. 2001ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 25,713. 2011ರ ಗಣತಿಯಲ್ಲಿ ಅದು 29,000ವನ್ನು ಮೀರಿತು. ತುಳು ಆಡುಮಾತು, ಕನ್ನಡ ವಿದ್ಯೆಯ ಹಾಗೂ ವ್ಯವಹಾರದ ಭಾಷೆ, ಕೊಂಕಣಿ, ಬ್ಯಾರಿಗಳೂ ಬಳಕೆಯಲ್ಲಿವೆ. ಬಸದಿಗಳ ನೆರೆಯಲ್ಲೇ ದೇವಸ್ಥಾನ, ಇಗರ್ಜಿ, ಮಸೀದಿಗಳಿವೆ. ವಿದ್ಯಾಸಂಸ್ಥೆಗಳು ಬೆಳೆದು ಹೊರನಾಡಿನ ಸಾವಿರಾರು ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. 2003ರಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಇಲ್ಲಿ ನಡೆದಾಗ ಜೈನಸಾಹಿತ್ಯದ ವಿದುಷಿ ಡಾ. ಕಮಲಾ ಹಂಪನಾ ಅಧ್ಯಕ್ಷತೆ ವಹಿಸಿದ್ದು ಸ್ಮರಣೀಯ.

ಹದಿನೆಂಟು ಬಸದಿಗಳ ಊರಾದರೂ ಜೈನರು ಇಲ್ಲಿ ಅಲ್ಪಸಂಖ್ಯಾತರು. 2011ರ ಗಣತಿಯಂತೆ ಕರ್ನಾಟಕದಲ್ಲಿ ಜೈನರು 4,40,280. ಎಂದರೆ ಒಟ್ಟು ಜನಸಂಖ್ಯೆಯಲ್ಲಿ ಶೇಕಡಾ 0.72. ಸಂಖ್ಯೆ ಅಲ್ಪವಾಗಿರುವುದು ಹೊಸತಲ್ಲ. ಭಂಡಾರವನ್ನು ಕಾದವರು ಎಂದೂ ಬಹುಸಂಖ್ಯಾತರಾಗಿರಲಿಲ್ಲ. ಚಿಂತೆಗೆ ಕಾರಣವಾದುದು ಬೇರೆ. ಹಳಗನ್ನಡ ಲಿಪಿಯನ್ನು ಗರಿಯಿಂದಲೇ ಓದಿ, ಪ್ರಾಕೃತ-ಸಂಸ್ಕೃತಗಳ ಅರ್ಥವನ್ನು ತಿಳಿದು, ತುಳುನಾಡಿನ ಸಂತಾನಕ್ರಮವನ್ನೂ ಬಲ್ಲವರ ಸಂಖ್ಯೆಯನ್ನು ಯಾವ ಜನಗಣತಿಯೂ ಎಣಿಸುವುದಿಲ್ಲ. ಉಪಾಧ್ಯಾಯ ಮನೆತನಗಳ ಮಕ್ಕಳು ಅನ್ಯ ಉದ್ಯೋಗಗಳಿಗೆ ಹೋಗುತ್ತಿರುವುದು ಕಾಲಧರ್ಮ. ಅದನ್ನು ಆಕ್ಷೇಪಿಸಿ ಫಲವಿಲ್ಲ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಕಾಲದಿಂದ ಓಲೆಗರಿಗಳ ಛಾಯಾಗ್ರಹಣಕ್ಕೆ ನಾಡಿನಾದ್ಯಂತ ಪ್ರೋತ್ಸಾಹ ದೊರೆತಿದೆ. ಗರಿಯು ನಷ್ಟವಾದರೂ ಅಕ್ಷರ ಉಳಿಯುವುದೆಂಬುದು ಅದರ ಲಾಭ. ಆದರೆ ಛಾಯಾಪ್ರತಿಯು ಓದುಗನನ್ನು ಸೃಷ್ಟಿಸಲಾರದು. ಹಿಂದೆ ದರ್ಶನಕ್ಕೆ ಮಾತ್ರ ಸೀಮಿತವಾಗಿದ್ದ ಸಿದ್ಧಾಂತವು ಇಂದು ಯಂತ್ರದ ಪೆಟ್ಟಿಗೆಯಲ್ಲಿ ಅದೇ ರೀತಿ ದರ್ಶನಮಾತ್ರವಾಗಿ ನಿಲ್ಲುವ ಸಂಭವವಿದೆ.

8. ಕರ್ತವ್ಯ

ಈ ದೃಷ್ಟಿಯಿಂದ ಮೂರು ಕೆಲಸಗಳು ಶೀಘ್ರವಾಗಿ ಆಗತಕ್ಕವು. ಮೊದಲನೆಯದಾಗಿ, 1948ರ ಸೂಚಿಯನ್ನು ಆಧಾರವಾಗಿಟ್ಟುಕೊಂಡು ಪ್ರತಿಯೊಂದು ಕಟ್ಟಿನ ಗ್ರಂಥಾಂತ್ಯವನ್ನು ಅಕ್ಷರಶಃ ಬರೆದುಕೊಂಡು ಪ್ರತ್ಯೇಕವಾಗಿ ಪ್ರಕಟಿಸಬೇಕು. ಗ್ರಂಥವು ಬೇರೆಡೆ ಮುದ್ರಿತವಾಗಿದ್ದರೂ ಅದರ ಗ್ರಂಥಾಂತ್ಯ ಅಮುದ್ರಿತವೇ; ಅದು ಆ ಒಂದು ಪ್ರತಿಗೆ ಮಾತ್ರ ಸೇರಿದ ಚರಿತ್ರೆ. ಎರಡನೆಯದಾಗಿ, ಅವುಗಳಲ್ಲಿ ಬರುವ ವ್ಯಕ್ತಿನಾಮಗಳನ್ನು ಬಸದಿಗಳ ಹಾಗೂ ನಿಷಿಧಿಗಳ ಶಾಸನಗಳೊಡನೆ ಹೋಲಿಸಬೇಕು. ಒಬ್ಬ ಸೆಟ್ಟಿಯ ಹೆಸರು ಬಸದಿಯಲ್ಲಿಯೂ ಗರಿಯಲ್ಲಿಯೂ ದೊರೆತರೆ ಅನಿರ್ದಿಷ್ಟವಾದ ಸಂವತ್ಸರಕ್ಕೆ ಶಕವರ್ಷ ಲಭಿಸುವುದು. ಮೂರನೆಯದಾಗಿ, ಪ್ರತಿಯೊಬ್ಬ ವಿದ್ವಾಂಸನೂ ತನ್ನ ಜೀವಿತದಲ್ಲಿ ಇಬ್ಬರಿಗಾದರೂ ಗರಿಯನ್ನು ಓದಲು ಕಲಿಸಬೇಕು. ಕಲಿಯುವವರು ಜೈನರೇ ಆಗಬೇಕೆಂಬ ನಿಯಮ ಬೇಡ. ಊರಿನ ವಿದ್ಯಾಲಯಗಳಿಗೆ ಬರುವ ಸಹಸ್ರಾವಧಿ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ಕಡೆಗೆ ತಿರುಗಿದರೆ ಅದೇ ಒಂದು ದೊಡ್ಡ ಲಾಭ.

ಮೂಡುಬಿದಿರೆಯ ಪೂರ್ವಿಕರು ಘಟ್ಟದ ಮೇಲಿನ ಶ್ರಾವಕಿಯರ ಶಾಸ್ತ್ರದಾನವನ್ನು ತಮ್ಮದೆಂದೇ ಭಾವಿಸಿ ಮಳೆಗೂ ಹುಳುವಿಗೂ ಬಿಡದೆ ನಮ್ಮ ಕಾಲಕ್ಕೆ ತಲುಪಿಸಿದರು. ದೇಮಿಯಕ್ಕನಿಗೂ ಮಲ್ಲಿಕಬ್ಬೆಗೂ ಬಿದಿರೆಯ ಹೆಸರು ಗೊತ್ತಿದ್ದಿತೋ ಇಲ್ಲವೋ, ಅವರ ವ್ರತದ ಫಲವು ಸಾರ್ಥಕವಾದುದು ಅಲ್ಲಿ. ಶಾಸ್ತ್ರದಾನವು ಬರೆಯಿಸಿದ ದಿನಕ್ಕೆ ಮುಗಿಯುವುದಿಲ್ಲ. ಓದುವವನು ದೊರೆತಾಗ ಪೂರ್ಣವಾಗುತ್ತದೆ. ಆ ಪೂರ್ತಿಯ ಹೊಣೆ ಈಗ ನಮ್ಮ ಕಾಲದ ವಿದ್ವಾಂಸರ ಮೇಲಿದೆ.